ಚೌಕಿಯ ಸೌಹಾರ್ದ ಮತ್ತು ರಂಗದ ಹೊಂದಿಕೆ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಯಕ್ಷಗಾನ ಪ್ರೇಕ್ಷಕರ ಮೇಳವಿಚಾರ

ಯಕ್ಷಗಾನದ ವೃತ್ತಿಮೇಳಗಳು ನವೆಂಬರ್ ತಿಂಗಳಲ್ಲಿ ಗೆಜ್ಜೆ ಕಟ್ಟಿ ಮೇ ತಿಂಗಳ ಕೊನೆಯ ಭಾಗದಲ್ಲಿ, ಪತ್ತನಾಜೆಯ ಸುಮಾರಿಗೆ, ಗೆಜ್ಜೆ ಬಿಚ್ಚುತ್ತವೆ. ಆರು ತಿಂಗಳು ಮೀರಿದ ಈ ಸಂಚಾರಕ್ಕೆ ತಿರುಗಾಟವೆಂದು ಹೆಸರು. ಒಂದು ತಿರುಗಾಟ ಮುಗಿದು ಮುಂದಿನದು ಮೊದಲಾಗುವ ನಡುವಿನ ಮಳೆಗಾಲದಲ್ಲಿ ಕಲಾವಿದರು ಮೇಳ ಬಿಡುವುದು, ಬೇರೆ ಮೇಳ ಸೇರುವುದು, ಯಜಮಾನರು ಮುಂಗಡ ಕೊಟ್ಟು ಪದ್ಯ ಹಾಡುವ ಭಾಗವತರನ್ನೂ ವೇಷಧಾರಿಗಳನ್ನೂ ಗೊತ್ತುಮಾಡಿಕೊಳ್ಳುವುದು ನಡೆಯುತ್ತದೆ. ಇದರ ಜೊತೆಜೊತೆಗೇ, ಮೇಳದ ಲಾಭನಷ್ಟಕ್ಕೆ ಯಾವ ರೀತಿಯಲ್ಲೂ ಹೊಣೆಯಲ್ಲದ ಪ್ರೇಕ್ಷಕರು ಈ ಹೋಗುಬರವುಗಳನ್ನು ಕುರಿತು ಪಟ್ಟುಹಿಡಿದು ವಾದಿಸುತ್ತಾರೆ. ಈ ವರ್ಷ ಯಾವ ಮೇಳದ ಸೆಟ್ಟು, ಎಂದರೆ ಕಲಾವಿದರ ಕೂಟ, ಗಟ್ಟಿ, ಹೊಸದಾಗಿ ಬಂದ ಎರಡನೇ ವೇಷಧಾರಿ, ಎಂದರೆ ಕಥಾನಾಯಕನ ಪಾತ್ರ ಕಟ್ಟುವವರು, ಆ ಭಾಗವತರ ಪದ್ಯಕ್ಕೆ ಕೂಡುತ್ತಾರೆಯೇ, ಜೋಡಿ ಒಡೆದ ಮೇಲೆ ಹಳೆಯ ಪ್ರಸಂಗಗಳು ರೈಸುತ್ತವೆಯೇ ಎಂಬ ಮಾತು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿಯೂ ಕರಾವಳಿಯಷ್ಟೇ ಬಿಸಿಯಾಗಿ ನಡೆಯುತ್ತದೆ. ಇದು ಹುಚ್ಚು ಅಭಿಮಾನದ ಹರಟೆಯಲ್ಲ, ರಂಗವಿಮರ್ಶೆಯ ಒಂದು ಪ್ರಕಾರ, ಮತ್ತು ಅದರ ಅಳತೆಗೋಲನ್ನು ಇದುವರೆಗಿನ ಅಧ್ಯಯನ ಸರಿಯಾಗಿ ಗುರುತಿಸಿಲ್ಲ ಎಂಬುದು ಈ ಲೇಖನದ ವಾದ.

ಪೂರ್ವಾಧ್ಯಯನ

ಯಕ್ಷಗಾನದ ಚರಿತ್ರೆ, ತಿಟ್ಟುಭೇದ (ತೆಂಕು, ಬಡಗು ಶೈಲಿಗಳ ಭೇದ), ವೇಷಭೂಷಣ ಮತ್ತು ಪ್ರಸಂಗಸಾಹಿತ್ಯ ಕುರಿತು ಈಗ ಹೆಚ್ಚಿನ ವಿವಾದವಿಲ್ಲ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿತು, ಮಾರ್ಥಾ ಆಷ್ಟನ್ ಅವರು ಬಡಗುತಿಟ್ಟನ್ನು ಕುರಿತು 1977ರಲ್ಲಿ ಪ್ರಕಟಿಸಿದ ಗ್ರಂಥ ಹೊರಗಿನ ಓದುಗರಿಗೆ ಅದರ ಪ್ರಯೋಗಕ್ರಮವನ್ನು ವಿವರವಾಗಿ ತೋರಿಸಿತು, ಕೆ. ಎಂ. ರಾಘವ ನಂಬಿಯಾರರು ಹಿಮ್ಮೇಳವನ್ನು, ಎಂದರೆ ಭಾಗವತ, ಮದ್ದಳೆ, ಚೆಂಡೆಗಳ ವಾದ್ಯಗಾನವಿಭಾಗವನ್ನು, ಪ್ರತ್ಯೇಕವಾಗಿ ಶೋಧಿಸಿದರು, ಎಂ. ಪ್ರಭಾಕರ ಜೋಶಿಯವರ ವಿಮರ್ಶೆ ಅರ್ಥಗಾರಿಕೆಯನ್ನು, ಎಂದರೆ ಪದ್ಯದ ಭಾವವನ್ನು ಆಶುವಾಗಿ ಗದ್ಯದಲ್ಲಿ ವಿಸ್ತರಿಸುವ ಕಲೆಯನ್ನು, ಗಂಭೀರ ಸಾಹಿತ್ಯಚಿಂತನೆಯ ವಸ್ತುವನ್ನಾಗಿ ಮಾಡಿತು. ಇವೆಲ್ಲ ಕಲಾವಿದನ ಕಡೆಯಿಂದ ಕಂಡ ನೋಟಗಳು. ಪ್ರೇಕ್ಷಕನ ತೀರ್ಮಾನ ಇವುಗಳಲ್ಲಿ ಅಲ್ಲಲ್ಲಿ ಪ್ರಸ್ತಾಪವಾಗಿದೆಯೇ ಹೊರತು ಸ್ವತಂತ್ರ ವಿಷಯವಾಗಿ ನಿಂತಿಲ್ಲ.

ಪ್ರಸ್ತಾಪವಾದ ಕಡೆಗಳಲ್ಲಿಯೂ ಅದರ ಧಾಟಿ ಸಾಮಾನ್ಯವಾಗಿ ಆಕ್ಷೇಪದ್ದು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಡೇರೆ ಮೇಳಗಳು, ಎಂದರೆ ಬಯಲಿಗೆ ಗುಡಾರ ಎತ್ತಿ ಟಿಕೆಟ್ಟಿಟ್ಟು ಆಡುವ ಮೇಳಗಳು, ಬಂದ ಮೇಲೆ ಕಲೆ ವ್ಯಾಪಾರದ ಕೈಗೆ ಸಿಕ್ಕಿತು ಎಂಬುದು ಕಾರಂತರ ಕಾಲದಿಂದ ಬಂದ ಕೊರಗು. ಆ ಕೊರಗಿನಿಂದ ಹೊರಡುವ ವಾದಸರಣಿಯು ತಾರಾಮೌಲ್ಯವನ್ನು ಡೇರೆಯ ಸೃಷ್ಟಿಯೆಂದೂ, ಕಲಾವಿದರ ಮೇಳಾಂತರವನ್ನು ಕುರಿತ ಪ್ರೇಕ್ಷಕರ ಮಾತನ್ನು ಆ ತಾರಾಮೌಲ್ಯದ ನೆರಳೆಂದೂ ಎಣಿಸುತ್ತದೆ. ಕಾರಂತರ ಕಳಕಳಿಯ ಬಗ್ಗೆ ಎರಡು ಮಾತಿಲ್ಲ. ವೇಷದ ಬಣ್ಣ, ಒಡ್ಡೋಲಗದ, ಎಂದರೆ ವಿಧ್ಯುಕ್ತ ಪಾತ್ರಪ್ರವೇಶದ, ಸೊಗಸು, ರಾಗಗಳ ಹಳೆಯ ಮಟ್ಟು ಇವುಗಳನ್ನು ಅವರು ಕಾಪಾಡಲು ನಿಂತದ್ದರಿಂದಲೇ ಇಂದು ಅವುಗಳ ಬಗ್ಗೆ ಮಾತಾಡಲು ಸಾಧ್ಯವಾಗಿದೆ. ಆದರೆ ಮೇಳಚರ್ಚೆಯನ್ನು ಡೇರೆಯ ಕೂಸೆಂದು ತಿಳಿಯುವ ತೀರ್ಮಾನ ಮಾತ್ರ ಸಾಕ್ಷ್ಯಕ್ಕೆ ನಿಲ್ಲುವುದಿಲ್ಲ.

ಜೋಡಾಟದ ಸಾಕ್ಷ್ಯ

ಡೇರೆಗಳು ಬರುವ ಮೊದಲೇ ಜೋಡಾಟವಿತ್ತು. ಎರಡು ಮೇಳಗಳು ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಒಂದೇ ರಾತ್ರಿ ಒಂದೇ ಪ್ರಸಂಗವನ್ನು ಏಕಕಾಲಕ್ಕೆ ಆಡುವ ಈ ಪದ್ಧತಿಯಲ್ಲಿ ಪ್ರೇಕ್ಷಕನು ಒಂದು ರಂಗಸ್ಥಳದ ಮುಂದಿನಿಂದ ಇನ್ನೊಂದರ ಮುಂದಕ್ಕೆ ಸರಿಯುವುದೇ ತೀರ್ಪು. ಇಲ್ಲಿ ಟಿಕೆಟ್ಟಿನ ಪ್ರಶ್ನೆ ಇಲ್ಲ, ಆದರೆ ಪೈಪೋಟಿ ಇದೆ, ಪಕ್ಷ ಇದೆ, ಬೆಳಗಾದ ಮೇಲೆ ದಿನಗಟ್ಟಲೆ ನಡೆಯುವ ವಾದವೂ ಇದೆ. ಇದಕ್ಕೆ ಪ್ರತಿಯಾದುದು ಕೂಡಾಟ: ಬೇರೆಬೇರೆ ಮೇಳಗಳ ಕಲಾವಿದರು ಒಂದೇ ರಂಗಸ್ಥಳದಲ್ಲಿ ಪಾತ್ರ ಹಂಚಿಕೊಂಡು ಆಡುವುದು. ಜೋಡಾಟದಲ್ಲಿ ಅಳೆಯಲ್ಪಡುವುದು ಮೇಳ. ಕೂಡಾಟದಲ್ಲಿ ಅಳೆಯಲ್ಪಡುವುದು ವ್ಯಕ್ತಿ. ಇವೆರಡರ ತೀರ್ಪು ಒಂದೇ ಆಗಬೇಕಾಗಿಲ್ಲವೆಂಬ ಅನುಭವ ಹಳೆಯ ಪ್ರೇಕ್ಷಕರಿಗೆ ಇತ್ತು. ಹೆಸರುವಾಸಿಗಳೆಲ್ಲ ಸೇರಿದ ಕೂಡಾಟ ತಣ್ಣಗಾಗಿ, ಅಷ್ಟೇನೂ ಹೆಸರಿಲ್ಲದವರ ಮೇಳವೊಂದು ಜೋಡಾಟದಲ್ಲಿ ಬೆಳಗಿನವರೆಗೆ ಜನರನ್ನು ಹಿಡಿದಿಟ್ಟುಕೊಳ್ಳುವುದು ಸಾಧ್ಯವಿದ್ದುದರಿಂದಲೇ, ಮೇಳವೆಂಬುದು ಅದರಲ್ಲಿರುವ ಕಲಾವಿದರ ಮೊತ್ತಕ್ಕಿಂತ ಬೇರೆಯಾದ ಏನೋ ಒಂದು ಎಂಬ ತಿಳಿವಳಿಕೆ ಬೆಳೆಯಿತು. ಡೇರೆ ಈ ತಿಳಿವಳಿಕೆಯನ್ನು ಹುಟ್ಟಿಸಲಿಲ್ಲ. ಅದಕ್ಕೆ ದೊಡ್ಡ ಅಕ್ಷರದ ಕರಪತ್ರವನ್ನು ಒದಗಿಸಿತು ಅಷ್ಟೆ.

ಸೀಮೆಯ ಸ್ಥಿತಿ

ಚರ್ಚೆಯ ಸ್ವರೂಪವನ್ನು ತಿಳಿಯಲು ಈ ಮೂರು ತಾಲ್ಲೂಕುಗಳು ಎರಡು ಕಾರಣಗಳಿಂದ ತಕ್ಕ ಕ್ಷೇತ್ರವಾಗಿವೆ. ಮೊದಲನೆಯದು ದಾರಿಗಳದ್ದು. ಶೃಂಗೇರಿಯಿಂದ ಕೆರೆಕಟ್ಟೆ, ಎಸ್. ಕೆ. ಬಾರ್ಡರ್, ಮಾಳದ ಮಾರ್ಗವು ಕಾರ್ಕಳಕ್ಕೆ ಇಳಿದು ಮಂಗಳೂರಿನ ಕಡೆಗೆ ಹೋಗುತ್ತದೆ. ಆಗುಂಬೆ ಘಾಟಿಯ ಮಾರ್ಗವು ಉಡುಪಿ ಸೀಮೆಗೆ ಇಳಿಯುತ್ತದೆ. ಮೊದಲನೆಯ ದಾರಿಯಲ್ಲಿ ತೆಂಕುತಿಟ್ಟಿನ ಧರ್ಮಸ್ಥಳ, ಕಟೀಲು ಮೊದಲಾದ ಮೇಳಗಳ ಸೀಮೆ, ಎರಡನೆಯದರಲ್ಲಿ ಬಡಗುತಿಟ್ಟಿನ ಮಂದಾರ್ತಿ, ಸಾಲಿಗ್ರಾಮ, ಪೆರ್ಡೂರು ಮೇಳಗಳ ಸೀಮೆ. ಹೀಗಾಗಿ ಶೃಂಗೇರಿ, ಕೊಪ್ಪದ ಪ್ರೇಕ್ಷಕನಿಗೆ ಎರಡು ತಿಟ್ಟುಗಳೂ ಅಪರಿಚಿತವಲ್ಲ. ಭದ್ರಾ ನದಿಯ ಕಡೆಗಿರುವ ನರಸಿಂಹರಾಜಪುರ, ಬಾಳೆಹೊನ್ನೂರುಗಳಿಗೆ ಘಟ್ಟದ ಬುಡ ಇನ್ನಷ್ಟು ದೂರವಾದ್ದರಿಂದ ಅಲ್ಲಿ ಆಟವೆಂಬುದು ಇನ್ನಷ್ಟು ಕಾದು ಪಡೆದ ವಸ್ತು.

ಎರಡನೆಯ ಕಾರಣ ಹೆಚ್ಚು ಮುಖ್ಯವಾದುದು. ಈ ಸೀಮೆ ಹರಕೆ ಆಟಗಳ ಸೀಮೆ. ಮಂದಾರ್ತಿಯ ದುರ್ಗಾಪರಮೇಶ್ವರಿಗೆ ಹರಕೆ ಹೊತ್ತ ಮನೆತನದವರು ಮನೆಯ ಅಂಗಳದಲ್ಲೋ ಕೊಯ್ದ ಗದ್ದೆಯಲ್ಲೋ ಆಡಿಸುವ ಸೇವೆಯ ಆಟಕ್ಕೆ ಟಿಕೆಟ್ಟಿಲ್ಲ, ಬಂದವರಿಗೆಲ್ಲ ಊಟವುಂಟು, ಮತ್ತು ಆಟಕ್ಕಾಗಿ ವರ್ಷಗಟ್ಟಲೆ ಕಾಯಬೇಕಾದಷ್ಟು ಹರಕೆಗಳ ಸಾಲು ಬೆಳೆದುದರಿಂದಲೇ ಮಂದಾರ್ತಿಯಿಂದ ಈಗ ಐದು ಮೇಳಗಳು ಹೊರಡುತ್ತವೆ. ಸೇವಾಕರ್ತನಿಗೆ ದೇವಿಯ ಆಟ ಬರುವುದು ಮುಖ್ಯ; ಬರುವ ಮೇಳದಲ್ಲಿ ಯಾವ ಭಾಗವತರಿದ್ದಾರೆ, ಯಾವ ಪುರುಷವೇಷಧಾರಿ ಇದ್ದಾರೆ ಎಂಬುದನ್ನು ಅವನು ದುಡ್ಡು ಕೊಟ್ಟು ಕೊಂಡುಕೊಳ್ಳುತ್ತಿಲ್ಲ. ಹಾಗಿದ್ದೂ ಆಟದ ದಿನ ಗೊತ್ತಾದ ಕ್ಷಣದಿಂದ ಊರಿನವರು ಮೊದಲು ಕೇಳುವ ಪ್ರಶ್ನೆ ಐದರಲ್ಲಿ ಯಾವ ಮೇಳ, ಈ ವರ್ಷ ಅದರಲ್ಲಿ ಯಾರು ಯಾರು ಇದ್ದಾರೆ ಎಂಬುದೇ. ತಾರಾಮೌಲ್ಯದ ವಾದಕ್ಕೆ ಇಲ್ಲಿ ತೊಡಕು ಬರುತ್ತದೆ. ಮೇಳಚರ್ಚೆ ಟಿಕೆಟ್ಟಿನ ಗಲ್ಲಾಪೆಟ್ಟಿಗೆಯಿಂದ ಹುಟ್ಟಿದ್ದೇ ಆಗಿದ್ದರೆ, ಟಿಕೆಟ್ಟೇ ಇಲ್ಲದ, ಆಯ್ಕೆಯೂ ಇಲ್ಲದ ಅಂಗಳದಲ್ಲಿ ಅದಕ್ಕೆ ಎಡೆಯಿರಬಾರದಿತ್ತು.

ಇದಕ್ಕೆ ಒಂದು ಮಾರುತ್ತರ ಸಾಧ್ಯ: ಡೇರೆ ಮೇಳಗಳಲ್ಲಿ ಕಲಿತ ಚಟವನ್ನೇ ಪ್ರೇಕ್ಷಕರು ಹರಕೆ ಆಟಕ್ಕೂ ತಂದರು ಎನ್ನಬಹುದು. ಒಂದು ಮಟ್ಟಿಗೆ ಅದು ನಿಜವೂ ಹೌದು, ಏಕೆಂದರೆ ಅದೇ ಜನ ಪೇಟೆಯ ಬಯಲಿನಲ್ಲಿ ಸಾಲಿಗ್ರಾಮ, ಪೆರ್ಡೂರು ಮೇಳಗಳ ಆಟವನ್ನೂ ನೋಡಿದವರು, ಕಲಾವಿದರೂ ಎರಡು ಬಗೆಯ ಮೇಳಗಳ ನಡುವೆ ಓಡಾಡಿದವರು. ಆದ್ದರಿಂದ ಚರ್ಚೆಯ ಇರವಿನಿಂದಷ್ಟೇ ಏನನ್ನೂ ಸಾಧಿಸಲಾಗದು. ಚರ್ಚೆಯೊಳಗೆ ಏನಿದೆ ಎಂಬುದನ್ನು ನೋಡಬೇಕು.

ಹೊಂದಿಕೆ ಎಂದರೇನು

ಪ್ರೇಕ್ಷಕರ ಬಾಯಿಯಲ್ಲಿ ಪದೇಪದೇ ಬರುವ ಮಾತುಗಳಲ್ಲಿ ವ್ಯಕ್ತಿಯ ಹೊಗಳಿಕೆಗಿಂತ ಸಂಬಂಧದ ವಿವರಣೆ ಹೆಚ್ಚು: ಪದ್ಯ ಏರಿತು ಆದರೆ ಕುಣಿತ ಏರಲಿಲ್ಲ, ಹಿಮ್ಮೇಳ ಮುಂದೆ ಹೋಯಿತು, ಮುಮ್ಮೇಳ ಹಿಂದೆ ಉಳಿಯಿತು, ಎದುರು ವೇಷ ಸರಿಯಿದ್ದರೆ ಇವರು ಇನ್ನೂ ಬಿಚ್ಚುತ್ತಿದ್ದರು. ಮುಮ್ಮೇಳವೆಂದರೆ ರಂಗದಲ್ಲಿ ವೇಷ ಕಟ್ಟಿ ನಿಲ್ಲುವವರ ಸಮೂಹ; ಎದುರು ವೇಷವೆಂದರೆ ಒಂದು ಪಾತ್ರಕ್ಕೆ ಸಂವಾದದಲ್ಲೋ ಯುದ್ಧದಲ್ಲೋ ಎದುರಾಗಿ ನಿಲ್ಲುವ ಪಾತ್ರ. ಈ ಮಾತುಗಳು ಗುರಿಯಿಡುವುದು ಒಬ್ಬ ಕಲಾವಿದನನ್ನಲ್ಲ, ಇಬ್ಬರ ನಡುವಿನ ಸಂಧಿಯನ್ನು.

ಆ ಸಂಧಿ ರಂಗದಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಹತ್ತಿರದಿಂದ ನೋಡುವುದು ಅಗತ್ಯ. ವೇಷಧಾರಿಯು ಅರ್ಥ ಹೇಳುತ್ತಿದ್ದಾನೆ. ಅವನ ಮಾತು ಮೊದಲೇ ಬರೆದುಕೊಟ್ಟದ್ದಲ್ಲವಾದ್ದರಿಂದ ಅದು ಎಲ್ಲಿ ಮುಗಿಯುತ್ತದೆಂದು ಭಾಗವತನಿಗೆ ಯಾವ ಪುಸ್ತಕವೂ ಹೇಳುವುದಿಲ್ಲ. ಕೊನೆಯ ವಾಕ್ಯದ ಏರಿಳಿತ ಮುಂದಿನ ಪದ್ಯದ ಶ್ರುತಿಯ ಹತ್ತಿರಕ್ಕೆ ಬಂದು ನಿಲ್ಲಬೇಕು, ಭಾಗವತನು ಒಂದು ಉಸಿರೂ ತಡಮಾಡದೆ ಪದ್ಯ ಎತ್ತಬೇಕು, ಮದ್ದಳೆಗಾರನ ಬೆರಳು ಆ ಎತ್ತುಗಡೆಯ ಕಾಲಕ್ಕೆ ಕೂಡಲೇ ಬೀಳಬೇಕು. ಪದ್ಯದ ನಡುವೆ ಬಿಡ್ತಿಗೆಗೆ, ಎಂದರೆ ಕುಣಿತಕ್ಕಾಗಿ ನುಡಿಸುವ ಲಯದ ತುಂಡಿಗೆ, ವೇಷಧಾರಿ ಕೈಯ ಚಿಕ್ಕ ಸನ್ನೆಯಿಂದಲೋ ಹೆಗಲಿನ ತಿರುವಿನಿಂದಲೋ ಸೂಚನೆ ಕೊಡುತ್ತಾನೆ. ಅದು ಪ್ರೇಕ್ಷಕನ ಕಣ್ಣಿಗೆ ಅಭಿನಯವಾಗಿಯೇ ಕಾಣಬೇಕು, ಚೆಂಡೆಯವನ ಕಣ್ಣಿಗೆ ಮಾತ್ರ ಸನ್ನೆಯಾಗಿ ಕಾಣಬೇಕು. ಇದರಲ್ಲಿ ಅರ್ಧ ಮಾತ್ರೆಯಷ್ಟು ತಪ್ಪಿದರೂ ಕುಣಿತ ಬೀಳುತ್ತದೆ, ಮತ್ತು ಅದು ಯಾರ ತಪ್ಪೆಂದು ಹೇಳುವುದು ಕಷ್ಟ. ಅಂಗಳದಲ್ಲಿ ಚಾಪೆ ಹಾಸಿ ಕುಳಿತ ಹಳೆಯ ಪ್ರೇಕ್ಷಕ ಇದನ್ನು ಲಕ್ಷಣಗ್ರಂಥದ ಭಾಷೆಯಲ್ಲಿ ಹೇಳಲಾರ, ಆದರೆ ಆ ಬೀಳುವಿಕೆ ಅವನಿಗೆ ತಿಳಿಯುತ್ತದೆ. ‘ಕೂಡಲಿಲ್ಲ’ ಎಂಬ ಅವನ ಒಂದು ಪದದಲ್ಲಿ ಇಷ್ಟೂ ಅಡಗಿದೆ.

ವೃತ್ತಿಮೇಳಗಳಲ್ಲಿ ಪೂರ್ವಾಭ್ಯಾಸವೆಂಬುದು ಪರಂಪರೆಯಿಂದ ಇಲ್ಲ. ಆ ಸಂಜೆಯ ಪ್ರಸಂಗವನ್ನೂ ಪಾತ್ರಹಂಚಿಕೆಯನ್ನೂ ತಿಳಿದುಕೊಂಡು, ಬೇಕಾದರೆ ಭಾಗವತರಲ್ಲಿ ನಡೆಯನ್ನು ಕೇಳಿಕೊಂಡು, ಕಲಾವಿದರು ಬಣ್ಣಕ್ಕೆ ಕುಳಿತುಕೊಳ್ಳುತ್ತಾರೆ. ಹೀಗಿರುವಾಗ ಹೊಂದಿಕೆ ಎಲ್ಲಿಂದ ಬರಬೇಕು? ಸುಮಾರು 180 ರಾತ್ರಿಗಳ ತಿರುಗಾಟವೇ ಅದರ ಅಭ್ಯಾಸ. ಹೊಸದಾಗಿ ಸೇರಿದ ವೇಷಧಾರಿ ಮತ್ತು ಇರುವ ಭಾಗವತ ರಾತ್ರಿಯಿಂದ ರಾತ್ರಿಗೆ ಒಬ್ಬರ ಉಸಿರನ್ನು ಇನ್ನೊಬ್ಬರು ಕಲಿತುಕೊಳ್ಳುತ್ತಾರೆ. ತಿರುಗಾಟದ ಮೊದಲ ವಾರಗಳ ಆಟ ನೋಡಿ ಸೆಟ್ಟನ್ನು ಅಳೆಯಬಾರದು ಎಂಬ ಪಳಗಿದ ಪ್ರೇಕ್ಷಕರ ಎಚ್ಚರಿಕೆ ಇದರಿಂದಲೇ ಬಂದದ್ದು.

ಇಲ್ಲಿ ಒಂದು ಊಹೆಯನ್ನು ಮುಂದಿಡಬಹುದು, ಮತ್ತು ಅದನ್ನು ಊಹೆಯೆಂದೇ ಓದಬೇಕು. ಮಲೆನಾಡಿನಲ್ಲಿ ನವೆಂಬರಿನಿಂದ ಜನವರಿಯವರೆಗೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಅದರ ನಡುವೆಯೇ ಭತ್ತದ ಕೊಯ್ಲು, ಒಕ್ಕಲು ಇವುಗಳ ಭರಾಟೆ. ಮನೆಯಲ್ಲಿ ಆಟ ಆಡಿಸಲು ಬೇಕಾದ ಬಿಡುವು, ಕೈಯಲ್ಲಿ ಹಣ, ಬರಿದಾದ ಗದ್ದೆ ಈ ಮೂರೂ ಒಟ್ಟಿಗೆ ಒದಗುವುದು ಇವೆಲ್ಲ ಮುಗಿದ ಮೇಲೆ. ಆ ಹೊತ್ತಿಗೆ ಮೇಳದ ಹೊಸ ಸೆಟ್ಟು ಕರಾವಳಿಯಲ್ಲಿ ಎರಡು ಮೂರು ತಿಂಗಳ ರಾತ್ರಿಗಳನ್ನು ಕಳೆದಿರುತ್ತದೆ. ಎಂದರೆ ಕರಾವಳಿಯ ಪ್ರೇಕ್ಷಕ ಹಸಿ ಮೇಳವನ್ನೂ ನೋಡುತ್ತಾನೆ, ಮಲೆನಾಡಿನವನು ಹೆಚ್ಚಾಗಿ ಮಾಗಿದ ಮೇಳವನ್ನು ನೋಡುತ್ತಾನೆ. ಘಟ್ಟದ ಮೇಲಿನವರ ವಿಮರ್ಶೆಯಲ್ಲಿ ಹೊಂದಿಕೆಯ ಅಳತೆ ಅಷ್ಟು ಕಟ್ಟುನಿಟ್ಟಾಗಿರಲು ಇದೂ ಒಂದು ಕಾರಣವಿರಬಹುದು. ಇದಕ್ಕೆ ಹಲವು ಮಿತಿಗಳಿವೆ. ಹರಕೆ ಆಟದ ದಿನ ಸೇವಾಕರ್ತನ ಅನುಕೂಲದಷ್ಟೇ ಮೇಳದ ದಾರಿಯನ್ನೂ ಅವಲಂಬಿಸಿರುತ್ತದೆ, ಆದ್ದರಿಂದ ಡಿಸೆಂಬರಿನಲ್ಲಿಯೂ ಘಟ್ಟದ ಮೇಲೆ ಆಟ ನಡೆಯಬಾರದೆಂದಿಲ್ಲ. ಕಾಫಿ ತೋಟಗಳ ಕಡೆಗೆ ಕೊಯ್ಲಿನ ಲೆಕ್ಕವೇ ಬೇರೆ. ಮೇಲಾಗಿ ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತಾಳಮದ್ದಳೆ, ಎಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಪದ್ಯ ಹಾಡಿ ಅರ್ಥ ಹೇಳುವ ಕೂಟ, ಬೆಳೆಸಿದ ಕಿವಿಯೇ ಈ ಕಟ್ಟುನಿಟ್ಟಿಗೆ ಹೆಚ್ಚು ಹೊಣೆಯೆಂದು ಯಾರಾದರೂ ವಾದಿಸಿದರೆ ಅದನ್ನು ತಳ್ಳಿಹಾಕಲು ಈಗ ಆಧಾರವಿಲ್ಲ. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಯ ಪ್ರತಿಭೆ ಎದುರು ಅರ್ಥಧಾರಿ ಯಾರೆಂಬುದರ ಮೇಲೆ ಹೇಗೆ ಬೇರೆಬೇರೆ ಬಣ್ಣ ತಾಳುತ್ತಿತ್ತೆಂಬುದನ್ನು ಕೇಳಿ ಬೆಳೆದವರಿಗೆ, ಜೋಡಿಯನ್ನು ಅಳೆಯುವ ಅಭ್ಯಾಸ ಯಾವ ಮೇಳವೂ ಘಟ್ಟ ಹತ್ತುವ ಮೊದಲೇ ಬಂದಿರಬಹುದು.

ಚೌಕಿಯ ಒಳಗೆ

ವಿವಾದದ ತಿರುಳು ಇನ್ನು ಮುಂದಿದೆ. ಹೊಂದಿಕೆಯನ್ನು ಒಪ್ಪಿದವರಲ್ಲಿಯೂ ಅನೇಕರು ಅದನ್ನು ಕಲಾವಿದರ ಪರಸ್ಪರ ಸ್ನೇಹವೆಂದು ತಿಳಿಯುತ್ತಾರೆ: ಮೇಳದಲ್ಲಿ ಒಗ್ಗಟ್ಟಿದ್ದರೆ ಆಟ ಚೆನ್ನಾಗುತ್ತದೆ, ಮನಸ್ತಾಪವಿದ್ದರೆ ಕೆಡುತ್ತದೆ ಎಂಬುದು ಆಡುಮಾತು. ಚೌಕಿ ಎಂದರೆ ಕಲಾವಿದರು ಬಣ್ಣ ಬರೆದುಕೊಂಡು ವೇಷ ಕಟ್ಟುವ ಮರೆಯ ಸ್ಥಳ. ಅಲ್ಲಿ ಗಣಪತಿಯ ಪೂಜೆಯಾಗುತ್ತದೆ, ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬುದಕ್ಕೆ ವೇಷದ ಸ್ಥಾನಮಾನದ ಪ್ರಕಾರ ಕಟ್ಟಳೆಯುಂಟು. ಈ ಕಟ್ಟಳೆಯ ಉದ್ದೇಶವನ್ನು ಗಮನಿಸಬೇಕು. ಕಲಾವಿದರು ಮಿತ್ರರೋ ಅಲ್ಲವೋ ಎಂಬುದನ್ನು ಅದು ಕೇಳುವುದಿಲ್ಲ; ಮಿತ್ರರಲ್ಲದವರೂ ಒಂದು ರಾತ್ರಿಯ ಕೆಲಸವನ್ನು ಒಟ್ಟಿಗೆ ಮಾಡುವಂತೆ ಸ್ಥಾನ, ಸರದಿ, ಗೌರವಗಳನ್ನು ಮೊದಲೇ ಗೊತ್ತುಮಾಡಿಡುತ್ತದೆ. ಬಡಗಿನಲ್ಲಿ ಕಥಾನಾಯಕನ ಪಾತ್ರ ಕಟ್ಟುವವನಿಗೆ ಎರಡನೇ ವೇಷಧಾರಿಯೆಂದು ಹೆಸರಿರುವುದನ್ನು ಭಾಗವತನೇ ಮೊದಲನೇ ವೇಷವೆಂದು ಹೇಳಿ ವಿವರಿಸುವ ವಾಡಿಕೆಯೂ ಇದನ್ನೇ ತೋರಿಸುತ್ತದೆ: ಮೇಳದ ನಡುಗಂಬ ಯಾರೆಂಬುದು ವ್ಯಕ್ತಿಗಳ ಜನಪ್ರಿಯತೆಗೆ ಬಿಟ್ಟ ವಿಷಯವಲ್ಲ.

ಇದೇ ಪ್ರಶ್ನೆ ಇತರ ಕಡೆಗಳಲ್ಲಿಯೂ ಎದ್ದಿದೆ ಎಂಬುದು ಹೋಲಿಕೆಗೆ ಸಹಾಯಕ. ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳು ಆಟಗಾರರ ಖರೀದಿ, ವರ್ಗಾವಣೆಗಳ ಬಗ್ಗೆ ವಾದಿಸುವಾಗ ಆಟಗಾರರು ಉಡುಪು ಬದಲಿಸುವ ಕೋಣೆಯ ಸಾಮರಸ್ಯಕ್ಕೆ ಬೆಲೆಯಿದೆಯೇ ಇಲ್ಲವೇ ಎಂಬುದು ದಶಕಗಳ ಜಗಳ. 1977ರಿಂದ ಬಿಲ್ ಜೇಮ್ಸ್ ಅವರು ಪ್ರಕಟಿಸತೊಡಗಿದ ಅಂಕಿಅಂಶಗಳ ವಿಶ್ಲೇಷಣೆಯ ದಾರಿ ಹಿಡಿದವರು ಎಣಿಸಲಾಗದ ಸಾಮರಸ್ಯವನ್ನು ಸಂಶಯದಿಂದ ನೋಡುತ್ತಾರೆ. ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡ 1972, 1973, 1974ರಲ್ಲಿ ಸತತವಾಗಿ ವಿಶ್ವ ಸರಣಿಯನ್ನು ಗೆದ್ದಿತು. ಅದರ ಆಟಗಾರರು ತಮ್ಮತಮ್ಮೊಳಗೇ ಕೈಕೈ ಮಿಲಾಯಿಸುವಷ್ಟು ಜಗಳಗಂಟರೆಂದು ಪ್ರಸಿದ್ಧರಾಗಿದ್ದರು. ಇದರಿಂದ ಸಾಮರಸ್ಯವೇ ಬೇಡವೆಂದು ತೀರ್ಮಾನಿಸುವುದು ದುಡುಕು. ತಿಳಿಯುವುದಿಷ್ಟೆ: ಕೋಣೆಯೊಳಗಿನ ಸ್ನೇಹ ಮತ್ತು ಮೈದಾನದ ಹೊಂದಾಣಿಕೆ ಎರಡು ಬೇರೆ ಸಂಗತಿಗಳು. ಆದರೆ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನೂ ಹೊಡೆಯುವವನೂ ಒಬ್ಬರಿಗೊಬ್ಬರು ಎದುರಾಗಿ ನಿಂತು ಮಾಡುವ ಕೆಲಸವನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಬಹುದು. ಯಕ್ಷಗಾನದಲ್ಲಿ ಭಾಗವತನ ಪದ್ಯವಿಲ್ಲದೆ ವೇಷಧಾರಿಯ ಹೆಜ್ಜೆಯಿಲ್ಲ, ಆದ್ದರಿಂದ ಲೆಕ್ಕಕ್ಕೆ ಸಿಗುವ ಬಿಡಿ ಕೆಲಸವೇ ಇಲ್ಲ. ಬೇಸ್‌ಬಾಲಿನಲ್ಲಿ ಸಾಮರಸ್ಯ ಆಟದ ಹೊರಗಿನ ಅನುಕೂಲವಾದರೆ ಯಕ್ಷಗಾನದಲ್ಲಿ ಹೊಂದಿಕೆ ಆಟದ ವಸ್ತುವೇ ಆಗಿದೆ.

ಆದ್ದರಿಂದ ಈ ಲೇಖನದ ಮುಖ್ಯ ಪ್ರತಿಪಾದನೆಯನ್ನು ಹೀಗೆ ಹೇಳಬಹುದು: ಮಲೆನಾಡಿನ ಪಳಗಿದ ಪ್ರೇಕ್ಷಕರು ಒಬ್ಬ ಕಲಾವಿದನ ಮೇಳಾಂತರವನ್ನು ಅಳೆಯುವಾಗ ಅವನ ಹೆಸರನ್ನಾಗಲಿ ಸ್ವಭಾವವನ್ನಾಗಲಿ ಮೊದಲಿಗೆ ಲೆಕ್ಕಿಸುವುದಿಲ್ಲ, ಅವನ ಲಯ ಯಾವ ಭಾಗವತನ ಲಯದೊಂದಿಗೆ, ಯಾವ ಎದುರು ವೇಷದೊಂದಿಗೆ ಬೆಳೆದದ್ದು, ಹೊಸ ಮೇಳದಲ್ಲಿ ಅದಕ್ಕೆ ಜೊತೆ ಯಾರು ಎಂಬುದನ್ನು ಲೆಕ್ಕಿಸುತ್ತಾರೆ. ಇದು ಎಲ್ಲ ಪ್ರೇಕ್ಷಕರ ಮಾತಲ್ಲ. ವೇಷದ ಚೆಲುವಿಗೆ, ದಿಗಿಣದ, ಎಂದರೆ ಹಾರಿ ಸುತ್ತುವ ಕುಣಿತದ, ವೇಗಕ್ಕೆ, ಹಾಸ್ಯಗಾರನ ಒಂದು ಮಾತಿಗೆ ಬರುವವರೂ ಅಷ್ಟೇ ಮಂದಿ ಇದ್ದಾರೆ, ಅವರ ನೋಟವೂ ನೋಟವೇ. ಕರಾವಳಿಯ ಪ್ರೇಕ್ಷಕರಲ್ಲಿ ಈ ಅಳತೆ ಇಲ್ಲವೆಂದೂ ಇದರ ಅರ್ಥವಲ್ಲ. ಹರಕೆ ಆಟ, ಡೇರೆ ಆಟ, ತಾಳಮದ್ದಳೆ ಮೂರೂ ಕೂಡುವ ಸೀಮೆಯಲ್ಲಿ ಈ ಅಳತೆ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ ಎಂಬಷ್ಟೇ ಹೇಳಿಕೆ.

ಎದುರು ನಿಲ್ಲುವ ಉದಾಹರಣೆಗಳು

ಈ ಪ್ರತಿಪಾದನೆಗೆ ದೊಡ್ಡ ಸವಾಲು ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017). ಅಮೃತೇಶ್ವರಿ, ಸಾಲಿಗ್ರಾಮ, ಪೆರ್ಡೂರು, ಬಂಗಾರಮಕ್ಕಿ ಹೀಗೆ ಹಲವು ಮೇಳಗಳನ್ನು ಕಂಡ ಅವರ ಭಸ್ಮಾಸುರ, ಕೀಚಕ, ದುಷ್ಟಬುದ್ಧಿ ಎಲ್ಲಿ ಹೋದರೂ ಜನರನ್ನು ಸೆಳೆದವು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಅದು ಯಾವುದೋ ಒಂದು ಮೇಳದ ಗೌರವವೆಂದು ಯಾರೂ ತಿಳಿಯಲಿಲ್ಲ. ಒಬ್ಬ ಕಲಾವಿದ ತನ್ನ ಹೊಂದಿಕೆಯನ್ನು ತಾನೇ ಹೊತ್ತುಕೊಂಡು ಹೋಗಬಲ್ಲ ಎಂಬುದಕ್ಕೆ ಇದು ಸಾಕ್ಷಿಯಲ್ಲವೇ? ಭಾಗಶಃ ಹೌದೆಂದೇ ಒಪ್ಪಬೇಕು. ಆದರೆ ಅವರು ಮೆರೆದ ಪಾತ್ರಗಳು ಬಹುಮಟ್ಟಿಗೆ ಬಡಗಿನ ಎಲ್ಲ ಭಾಗವತರಿಗೂ ಬಾಯಿಪಾಠವಾಗಿದ್ದ ಪ್ರಸಂಗಗಳಿಗೆ ಸೇರಿದವು. ಆ ಪದ್ಯಗಳಿಗೆ ಅವರು ಕುಣಿಯುವ ರೀತಿಯೇ ಕಾಲಕ್ರಮದಲ್ಲಿ ಹಿಮ್ಮೇಳದವರಿಗೆ ಪಾಠವಾಯಿತು. ಎಂದರೆ ಅವರು ಹೊಂದಿಕೆಯ ನಿಯಮದಿಂದ ಹೊರಗೆ ನಿಂತವರಲ್ಲ, ತಮಗೆ ಹೊಂದಿಕೊಳ್ಳುವ ಹಿಮ್ಮೇಳವನ್ನು ಒಂದು ತಿಟ್ಟಿನ ತುಂಬ ಬೆಳೆಸಿದವರು. ಭಸ್ಮಾಸುರನ ಸೊಗಸು ಎದುರಿಗೆ ಕುಣಿಯುವ ಮೋಹಿನಿಯಿಲ್ಲದೆ ಪೂರ್ಣವಾಗದು; ಅವರ ಬಗ್ಗೆ ಮಾತು ಬಂದಾಗ ಆ ರಾತ್ರಿ ಮೋಹಿನಿ ಯಾರಿದ್ದರು ಎಂಬ ಪ್ರಶ್ನೆ ತಾನಾಗಿ ಏಳುವುದೂ ಇದಕ್ಕೇ.

ಇನ್ನೊಂದು ಬಗೆಯ ಸವಾಲು ತಿಟ್ಟು ದಾಟಿದವರದು. ಉತ್ತರ ಕನ್ನಡದ ಕಡತೋಕ ಮಂಜುನಾಥ ಭಾಗವತರು ತೆಂಕುತಿಟ್ಟಿನ ಧರ್ಮಸ್ಥಳ ಮೇಳದ ಪ್ರಧಾನ ಭಾಗವತರಾಗಿ ದಶಕಗಳ ಕಾಲ ಬಾಳಿದರು. ಬಡಗಿನಲ್ಲಿ ಭಾಗವತನ ಕೈಯಲ್ಲಿ ತಾಳ, ತೆಂಕಿನಲ್ಲಿ ಜಾಗಟೆ; ಚೆಂಡೆಯೂ ಬೇರೆ, ಕುಣಿತದ ಗತ್ತೂ ಬೇರೆ. ಲಯದ ಹೊಂದಿಕೆಯೇ ಎಲ್ಲವೂ ಆದರೆ ಇಂಥ ಸೇರ್ಪಡೆ ಸೋಲಬೇಕಿತ್ತು. ಅದು ಸೋಲಲಿಲ್ಲ, ಏಕೆಂದರೆ ಅವರು ಒಂದೇ ಮೇಳದಲ್ಲಿ ನಿಂತರು. ವರ್ಷಗಳ ರಾತ್ರಿಗಳು ಆ ಅಂತರವನ್ನು ತುಂಬಿದವು, ಮತ್ತು ಅವರ ಭಾಗವತಿಕೆಗೆ ತಕ್ಕಂತೆ ಮೇಳದ ಮುಮ್ಮೇಳವೂ ರೂಪುಗೊಂಡಿತು. ಪೆರ್ಡೂರು ಮೇಳದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಭಾಗವತಿಕೆ ನಡೆಸಿದ ಸುಬ್ರಹ್ಮಣ್ಯ ಧಾರೇಶ್ವರರ (1957–2024) ಉದಾಹರಣೆಯೂ ಇದೇ ದಿಕ್ಕಿನದು: ವೇಷಧಾರಿಗಳು ಬಂದರು, ಹೋದರು, ಆದರೆ ಮೇಳದ ಗುರುತು ಭಾಗವತನ ಕೊರಳಿನಲ್ಲಿ ಉಳಿಯಿತು. ಭಾಗವತ ಪಟ್ಲ ಸತೀಶ್ ಶೆಟ್ಟರು ಕಟೀಲು ಮೇಳದಿಂದ ಹೊರಬಂದ ಮೇಲೆ 2020ರಲ್ಲಿ ಪಾವಂಜೆ ಮೇಳ ಆರಂಭವಾದಾಗ ಪ್ರೇಕ್ಷಕರು ಆ ಹೊಸ ಮೇಳವನ್ನು ಅದರ ಭಾಗವತರ ಹೆಸರಿನಿಂದಲೇ ಗುರುತಿಸಿದ್ದು ತೆಂಕಿನಲ್ಲಿಯೂ ಈ ಕ್ರಮ ಭಿನ್ನವಲ್ಲವೆಂದು ತೋರಿಸುತ್ತದೆ.

ಕಾಳಿಂಗ ನಾವಡರ (1958–1990) ಪ್ರಕರಣ ಎಲ್ಲಕ್ಕಿಂತ ಕಠಿಣವಾದುದು, ಮತ್ತು ಮಲೆನಾಡಿನ ಹಿರಿಯ ಪ್ರೇಕ್ಷಕರ ಮಾತಿನಲ್ಲಿ ಇಂದಿಗೂ ಮಾಯದ ನೋವು. ನಾರ್ಣಪ್ಪ ಉಪ್ಪೂರರ ಶಿಷ್ಯರಾಗಿ ಬೆಳೆದು, ಸಾಲಿಗ್ರಾಮ ಮೇಳದ ಭಾಗವತರಾಗಿ, ‘ನಾಗಶ್ರೀ’ಯಂಥ ಪ್ರಸಂಗಗಳನ್ನು ರಚಿಸಿ, ಬಡಗಿನ ಕೇಳ್ಮೆಯನ್ನೇ ಬದಲಿಸಿದ ಅವರು ಮೂವತ್ತೆರಡು ತುಂಬುವ ಮೊದಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅನಂತರದ ವರ್ಷಗಳಲ್ಲಿ ನಾವಡರ ಶೈಲಿಯನ್ನು ಅನುಸರಿಸಿದ ಕೊರಳುಗಳು ಹಲವು ಮೇಳಗಳಲ್ಲಿ ಕೇಳಿಸಿದವು. ಕೆಲವಂತೂ ಕಣ್ಣುಮುಚ್ಚಿ ಕೇಳಿದರೆ ಅವರದೇ ಅನಿಸುವಷ್ಟು ಹತ್ತಿರ. ಕೊರಳನ್ನು ಕಲಿಯಬಹುದು ಎಂಬುದು ಇದರಿಂದ ಸ್ಪಷ್ಟ. ಆದರೆ ಅವರ ಕಾಲದ ಆಟವನ್ನು ನೋಡಿದವರು ಆ ಶೈಲಿಯ ಪದ್ಯಗಳನ್ನು ಮೆಚ್ಚಿದ ಮೇಲೆಯೂ ಆಟ ಅಂದಿನಂತಾಗಲಿಲ್ಲ ಎಂದೇ ಹೇಳುತ್ತಾರೆ. ಇದನ್ನು ಹಳೆಯ ಕಾಲದ ಹಂಬಲವೆಂದು ತಳ್ಳಿಹಾಕುವುದು ಸುಲಭ. ಆ ಮಾತನ್ನು ಅದರ ನೆಲೆಯಲ್ಲಿಟ್ಟು ಕೇಳಿದರೆ, ನಾವಡರ ಪದ್ಯ, ಅದಕ್ಕೆ ಬಿದ್ದ ಮದ್ದಳೆ ಚೆಂಡೆಗಳ ನುಡಿತ, ಅದನ್ನು ಕಾಯ್ದು ಕುಣಿದ ಕಾಲುಗಳು ಒಟ್ಟಾಗಿ ಕಟ್ಟಿದ್ದ ಒಂದು ವಸ್ತು ಕಳೆದುಹೋಯಿತು ಎಂಬ ವಿಮರ್ಶೆ ಅದರಲ್ಲಿದೆ. ಧ್ವನಿಸುರುಳಿ ಉಳಿಸಿಕೊಟ್ಟದ್ದು ಆ ವಸ್ತುವಿನ ಒಂದು ಭಾಗವನ್ನು ಮಾತ್ರ.

ಕಾರಂತರ ಪ್ರಯೋಗವನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡುವುದು ಉಚಿತ. ಉಡುಪಿಯಲ್ಲಿ ಅವರು ಕಟ್ಟಿದ ಯಕ್ಷರಂಗಕ್ಕೆ ವೃತ್ತಿಮೇಳಗಳಲ್ಲಿ ಪಳಗಿದವರನ್ನೇ ಆರಿಸಿಕೊಂಡರು. ಮದ್ದಳೆಗಾರ ಹಿರಿಯಡಕ ಗೋಪಾಲರಾಯರಂಥ ಹಿರಿಯರು ಆ ತಂಡದಲ್ಲಿದ್ದರು. ಆದರೆ ಅವರು ತಿರುಗಾಟದ ರಾತ್ರಿಗಳ ಬದಲಿಗೆ ಪೂರ್ವಾಭ್ಯಾಸವನ್ನು ತಂದರು, ಆಶುವಾದ ಅರ್ಥವನ್ನು ಬಹಳಷ್ಟು ಕಡಿಮೆ ಮಾಡಿದರು. ಹೊಂದಿಕೆ ತಾನಾಗಿ ಬರುವುದಿಲ್ಲ, ಅದನ್ನು ಕಟ್ಟಬೇಕು ಎಂಬುದನ್ನು ಕಾರಂತರು ಬಲ್ಲವರಾಗಿದ್ದರೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ. ಅವರ ಪರಿಹಾರ ಅಂಗಳದ ಪ್ರೇಕ್ಷಕನದಕ್ಕಿಂತ ಬೇರೆಯಾಗಿತ್ತು, ಆದರೆ ಇಬ್ಬರ ಎದುರಿಗಿದ್ದ ಸಮಸ್ಯೆ ಒಂದೇ. ಡೇರೆಯನ್ನು ಕಾರಣವಾಗಿಟ್ಟು ಪ್ರೇಕ್ಷಕನ ಮಾತನ್ನು ಬದಿಗೆ ಸರಿಸಿದ ಮುಂದಿನ ಬರಹಗಳು ಕಾರಂತರ ದೂರನ್ನು ಉಳಿಸಿಕೊಂಡು ಅವರ ಒಳನೋಟವನ್ನು ಕಳೆದುಕೊಂಡವು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿ ತಲೆಮಾರುಗಳಿಂದ ಒಂದೇ ಮನೆತನ ನಡೆಸಿಕೊಂಡು ಬಂದ ಇಡಗುಂಜಿ ಮಂಡಳಿ ಮೂರನೆಯ ದಾರಿಯೊಂದನ್ನು ತೋರಿಸಿತು. ಅಲ್ಲಿ ಹೊಂದಿಕೆಗೆ ಮನೆಯೇ ಶಾಲೆ, ಆದರೆ ಆ ದಾರಿ ಹಿಡಿಯಲು ಎಲ್ಲ ಮೇಳಗಳಿಗೂ ಸಾಧ್ಯವಿಲ್ಲ.

ಉಳಿದ ಪ್ರಶ್ನೆಗಳು

ಇಲ್ಲಿಯ ವಾದ ಮುಖ್ಯವಾಗಿ ಪ್ರಯೋಗದ ರಚನೆಯನ್ನೂ ಪ್ರೇಕ್ಷಕರ ಮಾತಿನ ರೀತಿಯನ್ನೂ ನೆಚ್ಚಿದೆ. ಅದನ್ನು ಗಟ್ಟಿಮಾಡಲು ಅಥವಾ ತಿದ್ದಲು ಬೇಕಾದ ಸಾಮಗ್ರಿ ಇನ್ನೂ ಮನೆಗಳಲ್ಲಿದೆ: ಹಳೆಯ ಕರಪತ್ರಗಳು, ಹರಕೆ ಆಟದ ಖರ್ಚು ಬರೆದಿಟ್ಟ ಲೆಕ್ಕದ ಪುಸ್ತಕಗಳು, ತಾಳಮದ್ದಳೆಯ ಧ್ವನಿಮುದ್ರಣಗಳು. ಈ ಮೂರು ತಾಲ್ಲೂಕುಗಳ ಮಟ್ಟಿಗೆ ಒಂದು ಮನೆತನದ ಹಲವು ದಶಕಗಳ ಹರಕೆ ಆಟಗಳ ತಾರೀಕುಗಳು ಸಿಕ್ಕಿದರೂ ಸಾಕು, ಮಾಗಿದ ಮೇಳವೇ ಘಟ್ಟ ಹತ್ತುತ್ತಿತ್ತೆಂಬ ಮೇಲಿನ ಊಹೆ ನಿಲ್ಲುತ್ತದೆಯೋ ಬೀಳುತ್ತದೆಯೋ ತಿಳಿದೀತು. ಹೆಂಗಸರು ಆಟವನ್ನು ನೋಡುತ್ತಿದ್ದ, ಅಳೆಯುತ್ತಿದ್ದ ಬಗೆ ಬೇರೆಯೇ ಇತ್ತೇ ಎಂಬುದಂತೂ ಕೈಹಾಕದೆ ಉಳಿದ ಕ್ಷೇತ್ರ. ಚಾವಡಿಯಲ್ಲಿ ಕುಳಿತವರ ತೀರ್ಪೇ ಊರಿನ ತೀರ್ಪೆಂದು ದಾಖಲಾಗುತ್ತ ಬಂದಿದೆ.

ಇದಕ್ಕಿಂತ ತುರ್ತಾದ ಪ್ರಶ್ನೆ ಕಾಲಮಿತಿ ಪ್ರಯೋಗಗಳದ್ದು. ಬೆಳಗಿನವರೆಗೆ ನಡೆಯುತ್ತಿದ್ದ ಆಟವನ್ನು ಹಲವು ಮೇಳಗಳು ಈಗ ನಡುರಾತ್ರಿಯ ಸುಮಾರಿಗೆ ಮುಗಿಸುತ್ತವೆ. ಒಂದು ಪ್ರಸಂಗದಲ್ಲಿ ವೇಷಧಾರಿಯೂ ಭಾಗವತನೂ ಎದುರುಬದುರಾಗಿ ಕಳೆಯುವ ಹೊತ್ತು ಅರ್ಧಕ್ಕಿಳಿದರೆ, 180 ರಾತ್ರಿಗಳಲ್ಲಿ ಬೆಳೆಯುತ್ತಿದ್ದ ಹೊಂದಿಕೆಗೆ ಇನ್ನೆಷ್ಟು ತಿರುಗಾಟ ಬೇಕಾದೀತು, ಅಷ್ಟು ತಿರುಗಾಟಗಳವರೆಗೆ ಒಬ್ಬ ಕಲಾವಿದ ಒಂದೇ ಮೇಳದಲ್ಲಿ ನಿಲ್ಲುವುದು ಈಗಿನ ಸ್ಥಿತಿಯಲ್ಲಿ ಆಗುವ ಮಾತೇ, ಅಥವಾ ಅಭ್ಯಾಸವನ್ನು ಚೌಕಿಯ ಹೊರಗೆ ಮಳೆಗಾಲದಲ್ಲಿಯೇ ನಡೆಸುವ ಹೊಸ ಕ್ರಮವೊಂದನ್ನು ಮೇಳಗಳು ಕಂಡುಕೊಳ್ಳಬೇಕಾದೀತೇ ಎಂಬುದನ್ನು ಹೇಳುವಷ್ಟು ವರ್ಷಗಳು ಇನ್ನೂ ಕಳೆದಿಲ್ಲ.